ಪಂಚಾಂಗದಿಂದ ದೂರದರ್ಶಕದವರೆಗೆ

1874ರ ಡಿಸೆಂಬರ್ 9ರಂದು ಶುಕ್ರಗ್ರಹ ಪುಟ್ಟ ಕಪ್ಪು ಚುಕ್ಕೆಯಂತೆ ಸೂರ್ಯಬಿಂಬವನ್ನು ಹಾದುಹೋಯಿತು. ಅದನ್ನು ನೋಡಲು ಯುರೋಪಿನ ತಂಡಗಳು ಹಡಗೇರಿ ದೂರದ ದ್ವೀಪಗಳಿಗೆ ತೆರಳಿದ್ದವು. ಭೂಮಿಯ ಬೇರೆ ಬೇರೆ ತಾಣಗಳಿಂದ ನೋಡಿದಾಗ ಆ ಚುಕ್ಕೆಯ ಹಾದಿ ಕೊಂಚ ಸರಿದಂತೆ ಕಾಣುತ್ತದೆ. ಈ ವ್ಯತ್ಯಾಸದಿಂದ ಸೂರ್ಯನ ದೂರವನ್ನು ಲೆಕ್ಕ ಹಾಕಬಹುದು. ಈ ಸಂಗತಿಯನ್ನು ಜನಸಾಮಾನ್ಯರಿಗೆ ತಿಳಿಸುವ ಕಿರುಹೊತ್ತಗೆಯೊಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅಚ್ಚಾಯಿತು. ಅದನ್ನು ಬರೆದವರು ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ.

ಪಂಚಾಂಗ ಗಣಿಸುವ ಮನೆತನದಿಂದ ಬಂದ ಅವರು ಚಿಕ್ಕ ವಯಸ್ಸಿನಲ್ಲೇ ವೀಕ್ಷಣಾಲಯ ಸೇರಿದರು. ಈಸ್ಟ್ ಇಂಡಿಯಾ ಕಂಪೆನಿ 1792ರಲ್ಲಿ ಕಟ್ಟಿಸಿದ ಸಂಸ್ಥೆ ಅದು. 1861ರಿಂದ ಅದರ ಮುಖ್ಯಸ್ಥರಾಗಿದ್ದವರು ನಾರ್ಮನ್ ಪಾಗ್ಸನ್. ಅವರ ಕೈಕೆಳಗೆ ರಘುನಾಥಾಚಾರಿ ಪ್ರಥಮ ಸಹಾಯಕರ ಹುದ್ದೆಗೇರಿದರು. ನಕ್ಷತ್ರವೊಂದು ನಡುಗೆರೆಯನ್ನು ದಾಟುವ ಕ್ಷಣವನ್ನು ಗಡಿಯಾರದೊಂದಿಗೆ ತಾಳೆ ನೋಡಿ ಬರೆದಿಡುವುದು, ಹಗಲಿನಲ್ಲಿ ಆ ಅಂಕಿಗಳನ್ನು ತಿದ್ದಿ ಪಟ್ಟಿಗೆ ಸೇರಿಸುವುದು ಅಲ್ಲಿನ ಕೆಲಸ. ಹೆಸರು ತರುವ ಕೆಲಸವಲ್ಲ, ನಿದ್ದೆಗೆಡಿಸುವ ಕೆಲಸ.

ಆ ದುಡಿಮೆಗೆ ಫಲವೂ ಸಿಕ್ಕಿತು. 1867ರಲ್ಲಿ ಅವರು ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಬೆಳಕು ಏರಿಳಿಯುವುದನ್ನು ಗುರುತಿಸಿದರು. ಆಕಾಶದ ದಕ್ಷಿಣ ತುದಿಯತ್ತ ಇರುವ ಈ ನಕ್ಷತ್ರ ಯುರೋಪಿನ ವೀಕ್ಷಣಾಲಯಗಳಿಗೆ ಕಾಣುವುದೇ ಇಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ವೀಕ್ಷಣೆಗೆ ವನಪರ್ತಿಗೆ ಹೋದ ತಂಡಕ್ಕೆ ಅವರೇ ಮುಖ್ಯಸ್ಥರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಈ ಮನ್ನಣೆ ಪಡೆದ ಮೊದಲ ಭಾರತೀಯರು ಅವರು.

ಆದರೂ ಪಂಚಾಂಗವನ್ನು ಅವರು ಕೈಬಿಡಲಿಲ್ಲ. ಹಳೆಯ ಸೂತ್ರಗಳಲ್ಲಿನ ಸಣ್ಣ ದೋಷ ಶತಮಾನಗಳಲ್ಲಿ ಬೆಳೆದು, ಪುಸ್ತಕದ ಗ್ರಹಕ್ಕೂ ಆಕಾಶದ ಗ್ರಹಕ್ಕೂ ಅಂತರ ಬಿದ್ದಿತ್ತು. ಹಬ್ಬ, ಗ್ರಹಣ, ಮುಹೂರ್ತಗಳೆಲ್ಲ ಆ ಪುಸ್ತಕವನ್ನೇ ನೆಚ್ಚಿದ್ದವು. ಕಣ್ಣಿಗೆ ಕಂಡದ್ದಕ್ಕೆ ಹೊಂದುವಂತೆ ಗಣಿಸುವ ದೃಗ್ಗಣಿತ ಪಂಚಾಂಗವನ್ನು ಅವರು ಹೊರತಂದರು. ಇದೇನೂ ಪರದೇಶದ ವಿಚಾರವಲ್ಲ. ಕೇರಳದ ಪರಮೇಶ್ವರ 1431ರಲ್ಲೇ 'ದೃಗ್ಗಣಿತ' ಎಂಬ ಗ್ರಂಥ ರಚಿಸಿದ್ದ. ಶುಕ್ರ ಸಂಕ್ರಮಣದ ಹೊತ್ತಗೆಯನ್ನೂ ರಘುನಾಥಾಚಾರಿ ಸಿದ್ಧಾಂತಿಯೊಡನೆ ನಡೆಯುವ ಸಂವಾದದ ರೂಪದಲ್ಲಿ ಬರೆದರು. ಹಳೆಯ ವಿದ್ವಾಂಸರನ್ನು ಹಳಿಯುವುದಕ್ಕಿಂತ ಅವರೊಡನೆ ಮಾತಾಡುವುದು ಮೇಲು ಎಂಬುದನ್ನು ಅವರು ಬಲ್ಲವರಾಗಿದ್ದರು.

ದೇಶೀಯರೇ ಆಧುನಿಕ ಖಗೋಳ ವಿಜ್ಞಾನ ಕಲಿಯಲು ಪ್ರತ್ಯೇಕ ವೀಕ್ಷಣಾಲಯ ಬೇಕೆಂದು ಅವರು ಸಾರ್ವಜನಿಕವಾಗಿ ಮನವಿ ಮಾಡಿದ್ದರು. ಅದು ಕೈಗೂಡುವ ಮುನ್ನವೇ, 1880ರ ಫೆಬ್ರುವರಿಯಲ್ಲಿ, ಅವರು ತೀರಿಕೊಂಡರು. ಮದ್ರಾಸ್ ವೀಕ್ಷಣಾಲಯದ ಖಗೋಳ ಕಾರ್ಯ 1899ರಲ್ಲಿ ಕೊಡೈಕೆನಾಲಿಗೆ ಹೋಯಿತು. ಆ ಪರಂಪರೆಯನ್ನು ಇಂದು ಮುಂದುವರಿಸಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅಲ್ಲಿ ವೀಕ್ಷಿಸುವವರೂ ಲೆಕ್ಕ ಹಾಕುವವರೂ ಈ ನೆಲದವರೇ.