ಅಂಕಗಳೂ ಗಂಟೆಯಾಕಾರದ ರೇಖೆಯೂ

1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ವೈಸ್ ಛಾನ್ಸಲರಾಗಿ ಬಂದ ಆಚಾರ್ಯ ಬ್ರಜೇಂದ್ರನಾಥ ಶೀಲರು ತತ್ತ್ವಜ್ಞರೆಂದೇ ಪ್ರಸಿದ್ಧರು. ಆದರೆ ಭಾರತದ ಸಂಖ್ಯಾಶಾಸ್ತ್ರವೂ ಅವರಿಗೆ ಋಣಿಯಾಗಿದೆ. ಮೈಸೂರಿಗೆ ಬರುವ ಮುನ್ನ, ಕಲ್ಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷಾಫಲಗಳನ್ನು ವಿಶ್ಲೇಷಿಸುವ ಕಾರ್ಯವನ್ನು ಅವರು ತರುಣ ಪ್ರಶಾಂತಚಂದ್ರ ಮಹಲನೋಬಿಸರಿಗೆ ವಹಿಸಿದ್ದರು. ಅದೇ ಮಹಲನೋಬಿಸರು 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು.

ಇಂಥ ವಿಶ್ಲೇಷಣೆಗೆ ಒದಗುವ ಸಾಧನವೊಂದು, 1733ರಲ್ಲಿ ಡಿ ಮಾಯ್ವರ್ ಕಂಡ, 1809ರಲ್ಲಿ ಗೌಸ್ ಖಗೋಳವೀಕ್ಷಣೆಯ ದೋಷಗಳಿಗೆ ಅನ್ವಯಿಸಿದ ಗಂಟೆಯಾಕಾರದ ವಕ್ರರೇಖೆ. ಅದರ ಶಿಖರದ ಕೆಳಗೆ ಸರಾಸರಿಯನ್ನು ಬರೆಯಬೇಕು. ಅಲ್ಲಿಂದ ಇಕ್ಕೆಲಗಳಲ್ಲಿಯೂ, ಕಾರ್ಲ್ ಪಿಯರ್ಸನ್ 1890ರ ದಶಕದಲ್ಲಿ ಹೆಸರಿಟ್ಟ ಮಾನಕ ವಿಚಲನೆಯನ್ನೇ ಅಳತೆಗೋಲಾಗಿಸಿ ಗುರುತು ಹಾಕಬೇಕು.

ಸರಾಸರಿ 50, ವಿಚಲನೆ 10 ಎಂದಿಟ್ಟುಕೊಳ್ಳೋಣ. ಆಗ 40ರಿಂದ 60ರೊಳಗೆ ನೂರಕ್ಕೆ ಸುಮಾರು 68 ಮಂದಿಯೂ, 30ರಿಂದ 70ರೊಳಗೆ 95 ಮಂದಿಯೂ, 20ರಿಂದ 80ರೊಳಗೆ ಬಹುಮಟ್ಟಿಗೆ ಎಲ್ಲರೂ ಬರುವರು. ತೇರ್ಗಡೆಗೆ 35 ಅಂಕಗಳೆಂದರೆ ನೂರಕ್ಕೆ ಸುಮಾರು 7 ಮಂದಿ ಅನುತ್ತೀರ್ಣರು. ಸರಾಸರಿ ಅಷ್ಟೇ ಇದ್ದು ವಿಚಲನೆ 15 ಆಯಿತೆನ್ನಿ. ಅನುತ್ತೀರ್ಣರು 16 ಮಂದಿ! ಸರಾಸರಿಯೊಂದನ್ನೇ ನೋಡುವವರಿಗೆ ಈ ಭೇದವು ಕಾಣದು. ಪರೀಕ್ಷೆಯಿಂದ ಮಕ್ಕಳ ಭವಿಷ್ಯವನ್ನು ನಿರ್ಣಯಿಸುವವರು ಎರಡನ್ನೂ ನೋಡುವುದು ನ್ಯಾಯ.