ನಟರ ಬಾಯಲ್ಲಿ ಬೇರೆ ಊರಿನ ಸ್ವರ

ಬೇರೊಂದು ಊರಿನವರಂತೆ ಮಾತಾಡಹೊರಟ ನಟ ಮೊದಲು ಎಡವುವುದು ಸ್ವರಗಳಲ್ಲಿ. ವ್ಯಂಜನವಾದರೆ ನಾಲಿಗೆ ಎಲ್ಲಿ ತಾಗಬೇಕು, ತುಟಿ ಯಾವಾಗ ಮುಚ್ಚಬೇಕು ಎಂದು ತೋರಿಸಿಕೊಡಬಹುದು. ಸ್ವರ ಹೇಳುವಾಗ ನಾಲಿಗೆ ಎಲ್ಲಿಯೂ ತಾಗುವುದಿಲ್ಲ. ಕಿವಿಯನ್ನೇ ನಂಬಬೇಕು. ಇಂಗ್ಲಿಷಿನಲ್ಲಿ ಒಂದು ಸೀಮೆಗೂ ಇನ್ನೊಂದಕ್ಕೂ ಇರುವ ಅಂತರ ಬಹುಪಾಲು ಸ್ವರಗಳಲ್ಲೇ ಇದೆ. ಹಾಗಾಗಿ ಈ ವಿಷಯದ ಅಧ್ಯಯನ ಬೆಳೆದದ್ದೂ ಹೆಚ್ಚಾಗಿ ಇಂಗ್ಲಿಷ್ ನಾಟಕ, ಸಿನಿಮಾಗಳ ಸುತ್ತ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದು ಪೂರ್ತಿ ಕಿವಿಯ ವಿದ್ಯೆ. 1914ರಲ್ಲಿ ಲಂಡನ್ನಿನ ರಂಗವೇರಿದ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ಪ್ರೊಫೆಸರ್ ಹಿಗಿನ್ಸ್ 130 ಸ್ವರಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲವನು. ಇದು ನಾಟಕದ ಮಾತೇ ಸರಿ, ಆದರೆ ಅಂಥ ಕಿವಿಗಳು ಆಗ ನಿಜವಾಗಿಯೂ ಇದ್ದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಡೇನಿಯಲ್ ಜೋನ್ಸ್ ಯಾವ ಭಾಷೆಗೂ ಸೇರದ ಕೆಲವು ‘ಕಾರ್ಡಿನಲ್’ ಸ್ವರಗಳನ್ನು ಮೈಲಿಗಲ್ಲುಗಳಂತೆ ನೆಟ್ಟು, ಉಳಿದ ಸ್ವರಗಳನ್ನು ಅವುಗಳಿಂದ ಎಷ್ಟು ದೂರ ಎಂದು ಗುರುತಿಸುವ ಪದ್ಧತಿ ರೂಢಿಸಿದರು. ಅಮೆರಿಕದಲ್ಲಿ ಈ ಜ್ಞಾನ ಬೇರೆ ದಾರಿ ಹಿಡಿಯಿತು. 1942ರಲ್ಲಿ ‘ಸ್ಪೀಕ್ ವಿತ್ ಡಿಸ್ಟಿಂಕ್ಷನ್’ ಬರೆದ ಈಡಿತ್ ಸ್ಕಿನ್ನರ್ ನಟರಿಗೆ ಕಲಿಸಿದ್ದು ಒಂದೇ ಒಂದು ‘ಒಳ್ಳೆಯ’ ಉಚ್ಚಾರಣೆ. ನಟರ ಕಿವಿ ಹದಗೊಳ್ಳಲು ಅದರಿಂದ ನೆರವಾಗಿರಬಹುದು. ಆದರೆ ಜನ ನಿಜವಾಗಿ ಆಡುವ ಮಾತಿಗೆ ಅದರಲ್ಲಿ ಗೌರವವಿರಲಿಲ್ಲ. ಮುಂದೆ ಉಚ್ಚಾರಣೆ ಕಲಿಸುವ ಡಡ್ಲಿ ನೈಟ್ ಮುಂತಾದವರು ಈ ಪರಂಪರೆಯನ್ನು ಕಟುವಾಗಿ ಪ್ರಶ್ನಿಸಿದ್ದು ನ್ಯಾಯವೇ ಆಗಿತ್ತು.

ಕಿವಿಯ ಜೊತೆಗೆ ಕಣ್ಣೂ ಸೇರಿದ್ದು 1940ರ ದಶಕದಲ್ಲಿ, ಬೆಲ್ ಪ್ರಯೋಗಾಲಯದ ಸ್ಪೆಕ್ಟ್ರೋಗ್ರಾಫ್ ಯಂತ್ರ ಮಾತನ್ನು ಕಾಗದದ ಮೇಲೆ ಮೂಡಿಸಿದಾಗ. ಪ್ರತಿ ಸ್ವರಕ್ಕೂ ಬಾಯಿಯ ಪೊಳ್ಳು ಕೆಲವು ಕಂಪನಗಳಿಗೆ ಹೆಚ್ಚು ಬಲ ಕೊಡುತ್ತದೆ. ಇವೇ ಫಾರ್ಮೆಂಟ್‌ಗಳು. ಬಾಯಿ ತೆರೆದಂತೆ ಮೊದಲನೆಯದು ಏರುತ್ತದೆ, ನಾಲಿಗೆ ಮುಂದೆ ಬಂದಂತೆ ಎರಡನೆಯದು ಏರುತ್ತದೆ. ಎರಡು ಅಂಕಿ ಸಿಕ್ಕರೆ ಸ್ವರವನ್ನು ನಕ್ಷೆಯ ಮೇಲಿನ ಚುಕ್ಕೆಯಾಗಿ ಗುರುತಿಸಬಹುದು. 1952ರಲ್ಲಿ ಪೀಟರ್ಸನ್ ಮತ್ತು ಬಾರ್ನಿ 76 ಮಂದಿಯ ಹತ್ತು ಸ್ವರಗಳನ್ನು ಹೀಗೆ ಅಳೆದಾಗ ಒಂದು ತೊಡಕು ಎದ್ದು ಕಂಡಿತು. ಗಂಡಸು, ಹೆಂಗಸು, ಮಗು ಆಡಿದ ಒಂದೇ ಸ್ವರದ ಅಂಕಿಗಳು ಬೇರೆ ಬೇರೆ. ಗಂಟಲು, ಬಾಯಿಗಳ ಅಳತೆಯೇ ಬೇರೆಯಲ್ಲವೇ? ಹಾಗಾಗಿ ನಟನ ಅಂಕಿಯನ್ನು ಲಂಡನ್ನಿನವನ ಅಂಕಿಯ ಪಕ್ಕ ಸುಮ್ಮನೆ ಇಟ್ಟು ತೀರ್ಪು ಕೊಡುವಂತಿಲ್ಲ. ಪ್ರತಿಯೊಬ್ಬರ ಅಂಕಿಗಳನ್ನೂ ಅವರವರ ಸರಾಸರಿಗೆ ಹೊಂದಿಸಿದ ಮೇಲೆಯೇ ಹೋಲಿಕೆ. ಬಿಡಿ ಸ್ವರಕ್ಕಿಂತ ಸ್ವರಗಳ ನಡುವಿನ ಅಂತರ ಮುಖ್ಯ ಎಂಬುದನ್ನೂ ಇದು ಕಲಿಸಿತು.

ಈ ಕಥೆಯಲ್ಲಿ 1964 ಮರೆಯಲಾಗದ ವರ್ಷ. ‘ಪಿಗ್ಮೇಲಿಯನ್’ ಆಧರಿಸಿದ ‘ಮೈ ಫೇರ್ ಲೇಡಿ’ ಚಿತ್ರಕ್ಕೆ ಸಲಹೆಗಾರರಾಗಿದ್ದವರು ಧ್ವನಿವಿಜ್ಞಾನಿ ಪೀಟರ್ ಲಾಡಿಫೋಗೆಡ್. ಹಿಗಿನ್ಸನ ಪ್ರಯೋಗಾಲಯದಲ್ಲಿ ಕೇಳಿಬರುವ ಸ್ವರಗಳು ಅವರ ಬಾಯಿಂದಲೇ ಬಂದವು. ಅದೇ ವರ್ಷದ ‘ಮೇರಿ ಪಾಪಿನ್ಸ್’ನಲ್ಲಿ ಅಮೆರಿಕದ ಡಿಕ್ ವ್ಯಾನ್ ಡೈಕ್ ಲಂಡನ್ನಿನ ಕಾಕ್ನಿ ಮಾತಾಡಿದರು. ಬ್ರಿಟಿಷರು ಅದನ್ನು ಎಷ್ಟು ಕಾಲ ಆಡಿಕೊಂಡರೆಂದರೆ, 2017ರಲ್ಲಿ ವ್ಯಾನ್ ಡೈಕ್ ನಗುನಗುತ್ತಲೇ ಕ್ಷಮೆ ಕೇಳಿದರು. ಕಾಕ್ನಿ ಯಾಕೆ ಕಷ್ಟ? ಅದರಲ್ಲಿ ‘ಡೇ’ ಎಂಬುದು ‘ಡೈ’ಗೆ ಹತ್ತಿರ ಬರುತ್ತದೆ. ಆಗ ‘ಡೈ’ ಅಲ್ಲೇ ನಿಂತರೆ ಎರಡೂ ಒಂದಾಗಿಬಿಡುತ್ತವೆ, ಆದ್ದರಿಂದ ಅದು ‘ಡಾಯ್’ ಕಡೆಗೆ ಸರಿಯುತ್ತದೆ. ಒಂದು ಜರುಗಿದರೆ ಇನ್ನೊಂದೂ ಜರುಗಲೇಬೇಕು. ಮೊದಲನೆಯದನ್ನಷ್ಟೇ ಹಿಡಿದು ಎರಡನೆಯದನ್ನು ತನ್ನೂರಿನ ಜಾಗದಲ್ಲೇ ಬಿಡುವ ನಟನ ಮಾತು ಎಲ್ಲಿಯದೂ ಅಲ್ಲದ್ದಾಗುತ್ತದೆ.

ಈ ಜರುಗಾಟಗಳಿಗೆ ಒಂದು ಚೌಕಟ್ಟು ಕೊಟ್ಟವರು ಜೆ. ಸಿ. ವೆಲ್ಸ್. 1982ರ ‘ಆಕ್ಸೆಂಟ್ಸ್ ಆಫ್ ಇಂಗ್ಲಿಷ್’ನಲ್ಲಿ ಅವರು ಪದಗಳನ್ನು ಸ್ವರದ ಆಧಾರದಲ್ಲಿ 24 ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಮಾದರಿ ಪದವನ್ನು ಹೆಸರಾಗಿ ಇಟ್ಟರು. ಇಂದು ಉಚ್ಚಾರಣೆ ಕಲಿಸುವವರ ಕೈಪಿಡಿಯೇ ಅದು. ದಕ್ಷಿಣ ಇಂಗ್ಲೆಂಡಿನಲ್ಲಿ ‘ಬಾತ್’ ಗುಂಪಿಗೆ ದೀರ್ಘ ಆ, ‘ಟ್ರ್ಯಾಪ್’ ಗುಂಪಿಗೆ ಹ್ರಸ್ವ ಆ್ಯ. ಗುಂಪು ತಿಳಿಯದ ಅಮೆರಿಕದ ನಟ ‘ಗ್ಯಾಸ್’ ಅನ್ನೂ ‘ಗಾಸ್’ ಮಾಡುತ್ತಾನೆ. ಇಲ್ಲಿ ಸ್ವರ ಸರಿಯಾಗಿದೆ, ಬಂದ ಜಾಗ ತಪ್ಪು. ಫಾರ್ಮೆಂಟ್ ಅಳತೆಯೊಂದೇ ಈ ತಪ್ಪನ್ನು ಹಿಡಿಯಲಾರದು. ಮರುವರ್ಷ ಪೀಟರ್ ಟ್ರಡ್‌ಗಿಲ್ ಬ್ರಿಟಿಷ್ ಪಾಪ್ ಗಾಯಕರ ಅಮೆರಿಕನ್ ಉಚ್ಚಾರಣೆಯಲ್ಲೂ ಇಂಥ ಎಡವಟ್ಟುಗಳನ್ನು ತೋರಿಸಿದರು. ಅವರು ಆಧರಿಸಿದ ಭಾಷಾವಿಜ್ಞಾನಿ ಲ ಪೇಜ್ ಅವರ ವಿಚಾರ ನಟರಿಗೂ ಸಲ್ಲುತ್ತದೆ: ಯಾರನ್ನು ಅನುಕರಿಸುತ್ತಿದ್ದೇವೆಂಬುದು ಸ್ಪಷ್ಟವಿರಬೇಕು, ಅವರ ಮಾತು ಸಾಕಷ್ಟು ಕಿವಿಗೆ ಬಿದ್ದಿರಬೇಕು, ಬಲವಾದ ಇಚ್ಛೆ ಇರಬೇಕು, ನಾಲಿಗೆ ಬಾಗಬೇಕು.

ಸ್ವೀಡನ್ನಿನಲ್ಲಿ ಎರಿಕ್ಸನ್ ಮತ್ತು ವ್ರೆಟ್ಲಿಂಗ್ 1997ರಲ್ಲಿ ಒಬ್ಬ ವೃತ್ತಿಪರ ಮಿಮಿಕ್ರಿ ಕಲಾವಿದನ ಧ್ವನಿಯನ್ನು ಅಳೆದು ಕಂಡದ್ದು ಕುತೂಹಲಕರ. ದನಿಯ ಏರಿಳಿತದ ಸರಾಸರಿಯನ್ನೂ ಮಾತಿನ ಒಟ್ಟು ವೇಗವನ್ನೂ ಆತ ಅಚ್ಚುಕಟ್ಟಾಗಿ ಹಿಡಿದಿದ್ದ. ಸ್ವರಗಳ ಫಾರ್ಮೆಂಟ್ ಕೆಲವೆಡೆ ದಕ್ಕಿತ್ತು, ಕೆಲವೆಡೆ ಇಲ್ಲ. ಬಿಡಿ ಧ್ವನಿಗಳ ಕಾಲಾವಧಿ ಮಾತ್ರ ಹೆಚ್ಚುಕಡಿಮೆ ಆತನದೇ ಆಗಿ ಉಳಿದಿತ್ತು. ಕೇಳುಗರು ನಂಬುವುದಕ್ಕೆ ಅಳತೆ ಪೂರ್ತಿ ಕೂಡಿಬರಬೇಕೆಂದಿಲ್ಲ. ಆದರೆ ಯಾವ ಕೇಳುಗರು ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ‘ಹೌಸ್’ ಸರಣಿಗೆ ಪರೀಕ್ಷೆ ಕೊಟ್ಟ ಬ್ರಿಟಿಷ್ ನಟ ಹ್ಯೂ ಲಾರಿಯನ್ನು ಅಮೆರಿಕದ ನಿರ್ದೇಶಕ ಬ್ರಯಾನ್ ಸಿಂಗರ್ ಅಮೆರಿಕದವನೇ ಎಂದುಕೊಂಡರಂತೆ. ದೊಡ್ಡ ಪ್ರಮಾಣಪತ್ರ ಅದೇ, ಏಕೆಂದರೆ ಮೋಸಹೋದ ಕಿವಿ ಆ ನೆಲದ್ದು. ಪರದೇಶದ ವಿಮರ್ಶಕರ ಮೆಚ್ಚುಗೆಗೆ ಈ ವಿಷಯದಲ್ಲಿ ನಾನು ಅಷ್ಟು ಬೆಲೆ ಕೊಡಲಾರೆ.

1998ರಲ್ಲಿ ಪಾಲ್ ಮಯರ್ ಕಟ್ಟಿದ ಧ್ವನಿ ಸಂಗ್ರಹದಿಂದಾಗಿ ಈಗ ನಟರು ಆಯಾ ಊರಿನವರ ಮಾತನ್ನೇ ಕೇಳಿ ಕಲಿಯಬಹುದು. ಸ್ವರ ಅಳೆಯುವ ಪ್ರಾಟ್ ತಂತ್ರಾಂಶ ಉಚಿತ. ನಮ್ಮಲ್ಲೂ ಇದಕ್ಕೆ ಕೊರತೆಯೇನಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಸ್ವರಗಳನ್ನು ಅಳೆಯುವ ಕೆಲಸ ನಡೆಯುತ್ತ ಬಂದಿದೆ. ಧಾರವಾಡದ ಪಾತ್ರವೆಂದರೆ ‘ಮನೆ’ಯನ್ನು ‘ಮನಿ’ ಮಾಡಿ, ಕೊನೆಗೊಂದು ‘ರೀ’ ಸೇರಿಸಿದರೆ ಸಾಲದು. ‘ಬ್ಯಾಡ’ದ ಸ್ವರ ಎಷ್ಟು ತೆರೆಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಹಿಡಿಯಬೇಕು. ಧಾರವಾಡ, ಕಲಬುರಗಿ, ಕುಂದಾಪುರದ ಮಾತನ್ನು ಪರದೆಗೆ ತರುವ ನಿರ್ದೇಶಕರು ಆ ಊರಿನ ಒಬ್ಬರನ್ನಾದರೂ ಡಬ್ಬಿಂಗ್ ಕೋಣೆಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಲಿ, ಅವರು ಬೇಡವೆಂದರೆ ಮತ್ತೊಂದು ಟೇಕ್ ತೆಗೆದುಕೊಳ್ಳಲಿ.