ಒಪಿಯಾಯ್ಡ್ ನೋವುನಿವಾರಕಗಳು

ಒಪಿಯಾಯ್ಡ್‌ಗಳು ಅಫೀಮಿನಿಂದ ಪಡೆಯುವ ಅಥವಾ ಅದರಂತೆಯೇ ವರ್ತಿಸುವ ನೋವುನಿವಾರಕಗಳು; ಮಾರ್ಫಿನ್ ಇವುಗಳಲ್ಲಿ ಪ್ರಮುಖವಾದುದು. ನಂಜನಗೂಡು, ತಿ. ನರಸೀಪುರದ ಮನೆಗಳಲ್ಲಿ ಪಾಯಸಕ್ಕೆ ಅರೆಯುವ ಗಸಗಸೆಯೂ ಇದೇ ಗಿಡದ ಬೀಜ. ಅಫೀಮು ಮಾತ್ರ ಅದರ ಹಸಿಕಾಯಿಯಿಂದ ಒಸರುವ ಹಾಲು.

ಗಾಯದ ಸುದ್ದಿ ತರುವ ನರತಂತುಗಳು ಬೆನ್ನುಹುರಿಯ ಹಿಂಭಾಗದಲ್ಲಿ ಅದನ್ನು ರಾಸಾಯನಿಕಗಳ ಮೂಲಕ ಮುಂದಿನ ನರಕೋಶಕ್ಕೆ ದಾಟಿಸುತ್ತವೆ. ಮಾರ್ಫಿನ್ ಅಲ್ಲಿನ ‘ಮ್ಯು’ ಗ್ರಾಹಕಗಳಿಗೆ ಅಂಟಿಕೊಂಡು, ನರತುದಿಯೊಳಗೆ ಕ್ಯಾಲ್ಸಿಯಂ ಬರುವುದನ್ನು ತಗ್ಗಿಸುತ್ತದೆ. ಇದರಿಂದ ಆ ರಾಸಾಯನಿಕಗಳ ಸ್ರಾವ ಕುಗ್ಗುತ್ತದೆ. ಮುಂದಿನ ಕೋಶದಿಂದ ಪೊಟ್ಯಾಸಿಯಂ ಹೊರಹರಿಯುವುದರಿಂದ ಅದು ಸುಲಭವಾಗಿ ಉದ್ರೇಕಗೊಳ್ಳದು. ನಡುಮಿದುಳಿನಿಂದ ಇಳಿಯುವ ನೋವುತಡೆ ಸಂಕೇತಗಳೂ ಬಲಗೊಳ್ಳುತ್ತವೆ. ಗಾಯ ಇದರಿಂದ ಮಾಯುವುದಿಲ್ಲ. ಅದರ ಅರಿವು ತಗ್ಗುತ್ತದೆ, ಅಷ್ಟೆ. ದೇಹವೇ ತಯಾರಿಸುವ ಎಂಡಾರ್ಫಿನ್‌ಗಳದೂ ಇದೇ ದಾರಿ.

ಈ ಗ್ರಾಹಕಗಳು ಮಿದುಳುಕಾಂಡದಲ್ಲೂ ಇರುವುದರಿಂದ ಮಿತಿಮೀರಿದ ಪ್ರಮಾಣವು ಉಸಿರಾಟವನ್ನೇ ನಿಲ್ಲಿಸಬಲ್ಲದು. ಆಗ ನ್ಯಾಲೊಕ್ಸೋನ್ ನೀಡುತ್ತಾರೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ನಿಯಮಗಳನ್ನು ಸರಳಗೊಳಿಸಿತು.